ಪರಳಿಯ ನೀರು, ನಮ್ಮ ಪೋಸ್ಟರು

ಉಮರ್ಗಾ, ನಿಲಂಗಾ, ಉದಗೀರದಿಂದ ಬಂದ ತಮ್ಮಂದಿರೇ, ತಂಗಿಯಂದಿರೇ,

2016ರಾಗ ಮಿರಜಿನಿಂದ ಲಾತೂರಿಗೆ ರೈಲಿನಾಗ ನೀರು ಬಂತು. ಆಗ ನಿಮ್ಮಲ್ಲಿ ಬಾಳ ಮಂದಿ ಸಣ್ಣವರು, ಆದ್ರೂ ನೆನಪದ. ಅದಕ್ಕೂ ಮೊದಲು, 2013ರಾಗ, ಪರಳಿಯ ಥರ್ಮಲ್ ಸ್ಥಾವರ ನೀರಿಲ್ಲದೆ ನಿಂತಿತ್ತು. ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ಬೇಕಂದ್ರ ಉಗಿಗೂ ನೀರು ಬೇಕು, ತಣಿಸಲಿಕ್ಕೂ ನೀರು ಬೇಕು. ಕರೆಂಟ್ ಉಳಿಸಿದ್ರ ನೀರು ಉಳೀತದ ಅಂತ ಮರಾಠವಾಡಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊಬೈಲ್ ಕೈಯಾಗ ಬಂದಾಗ ಮಾತ್ರ ಇದು ಮರೆತುಹೋಗ್ತದ. ನಾವು ಕಳಿಸೋ ಫೈಲು ಟವರ್ ದಾಟಿ, ದೂರದ ಡೇಟಾ ಸೆಂಟರಿಗೆ ಹೋಗಿ, ಅಲ್ಲಿಂದ ನೂರಾರು ಫೋನಿಗೆ ಇಳೀತದ. ಎಲ್ಲಾ ಕಡಿ ಕರೆಂಟ್ ಬೇಕು.

ಮೊದಲು ನಮ್ಮದೇ ತಪ್ಪು ಹೇಳ್ತೀವಿ. ಸಭೆಯ ಆಮಂತ್ರಣಕ್ಕ ಬಣ್ಣಬಣ್ಣದ ಚಿತ್ರ ಮಾಡಿ ಗ್ರೂಪಿಗೆ ಹಾಕ್ತಿದ್ವಿ. ಯೂನಿಕೋಡಿನಾಗ (ಯುಟಿಎಫ್-8 ಅಂತಾರಲ್ಲ, ಅದರಾಗ) ಒಂದು ಕನ್ನಡ ಚಿಹ್ನೆಗೆ ಮೂರು ಬೈಟು, ಇಂಗ್ಲಿಷ್ ಅಕ್ಷರಕ್ಕ ಒಂದೇ. ಮರಾಠಿಗೂ ಮೂರೇ, ಅಲ್ಲಿ ಜಗಳಿಲ್ಲ. 'ಉಮರ್ಗಾ' ಅಂದ್ರ ಒತ್ತು, ದೀರ್ಘ ಸೇರಿ ಆರು ಚಿಹ್ನೆ, 18 ಬೈಟು. ಎರಡು ಸಾವಿರ ಚಿಹ್ನೆಯ ದೊಡ್ಡ ಆಮಂತ್ರಣ ಅಂದ್ರೂ ಆರು ಕೆಬಿ. ಅದನ್ನೇ ಚಿತ್ರ ಮಾಡಿದ್ರ ಸಲೀಸಾಗಿ ಇನ್ನೂರು ಕೆಬಿ ದಾಟ್ತದ. ಮೇಲಾಗಿ ಚಿತ್ರದೊಳಗಿನ ಕನ್ನಡ ನಾಳೆ ಹುಡುಕಿದ್ರ ಸುಲಭಕ್ಕ ಸಿಗಂಗಿಲ್ಲ, ಕಣ್ಣು ಕಾಣದವರಿಗೆ ಫೋನು ಸರಿಯಾಗಿ ಓದಿ ಹೇಳಂಗಿಲ್ಲ. ಭಾಷೆ ಉಳಿಸ್ಬೇಕು ಅಂತ ಹೊಂಟು ಅದನ್ನ ಚಿತ್ರದಾಗ ಹೂತಿಟ್ವಿ!

ನಿಮ್ಮೊಳಗ ಪುಣೆ, ಹೈದರಾಬಾದಿಗೆ ಹೋಗಿ ಕೋಡ್ ಬರೆಯೋರು ಇದ್ದೀರಿ. ನಿಮ್ಮ ಆ್ಯಪು "ಹೊಸದೇನರ ಬಂತೇನು?" ಅಂತ ಹತ್ತು ಸೆಕೆಂಡಿಗೊಮ್ಮೆ ಸರ್ವರಿಗೆ ಕೇಳ್ತದೋ, ಇಲ್ಲಾ ಸರ್ವರೇ ಹೇಳೋತನಕ ಸುಮ್ಮನಿರ್ತದೋ? ಕೇಳ್ತಾನೇ ಇದ್ರ ಫೋನು ನಿದ್ದಿ ಮಾಡಂಗಿಲ್ಲ, ಬ್ಯಾಟರಿ ಇಳೀತದ. ಲೋಡ್‌ಶೆಡ್ಡಿಂಗ್ ದಿನ ಊರಾಗಿದ್ದು ನೋಡ್ರಿ, ತಿಳೀತದ. ಜರ್ಮನಿಯ 'ಬ್ಲೂ ಏಂಜೆಲ್' ಪರಿಸರ ಮುದ್ರೆ 2022ರಾಗ ಮೊದಲ ಸಲ ಒಂದು ಸಾಫ್ಟ್‌ವೇರಿಗೆ ಸಿಕ್ತು. ಅದು ಪಿಡಿಎಫ್ ಓದೋ ಒಕ್ಯುಲರ್, ಮುಕ್ತ ತಂತ್ರಾಂಶ. ಎಷ್ಟು ಕರೆಂಟ್ ತಿಂತದ ಅಂತ ಅಳೆದು, ಹಳೇ ಯಂತ್ರದಾಗೂ ನಡೀತದೇನು ನೋಡಿ ಕೊಟ್ಟದ್ದು.

ಹಳೇ ಯಂತ್ರ ಅಂದಾಗ ನೆನಪಾಯ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು, ಎಷ್ಟೋ ಲ್ಯಾಪ್‌ಟಾಪು 11 ತಗೊಳಂಗಿಲ್ಲ. ಗುಜರಿಗೆ ಹಾಕಬ್ಯಾಡ್ರಿ. ಲುಬುಂಟುವಿನಂಥ ಹಗುರ ಲಿನಕ್ಸ್ ಹಾಕಿದ್ರ ಕನ್ನಡ ಟೈಪಿಂಗೂ ನಡೀತದ.

ಮುಂದಿನ ಸಭೆಯ ಆಮಂತ್ರಣ ಅಕ್ಷರದಾಗೇ ಬರ್ತದ. ಮನ್ಯಾಗ ಮೂಲಿಗೆ ಬಿದ್ದ ಲ್ಯಾಪ್‌ಟಾಪ್ ಇದ್ರ ತಗೊಂಡು ಬರ್ರಿ, ಕೂಡಿ ಕೂತು ಹಾಕೋಣ. ಚಾರ್ಜರ್ ಮರೀಬ್ಯಾಡ್ರಿ.