ಮನೆ ಬದಲಾಯಿತಾ? ಹತ್ತೇ ದಿನ ಟೈಮು

ಇವತ್ತು ಯಾವ ರಾಜಕಾರಣಿ ಬಗ್ಗೆನೂ ಅಲ್ಲ, ಒಂದು ಫಾರ್ಮ್ ಬಗ್ಗೆ ಮಾತಾಡ್ತೀನಿ. ಅದರ ಹೆಸರು ಎಆರ್-11.

ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆಗಳಲ್ಲಿ ಎಚ್-1ಬಿ ಅನ್ನೋ ಪದ ಅಜ್ಜಿಗೂ ಬಾಯಿಪಾಠ. ಗ್ರೀನ್ ಕಾರ್ಡ್ ಕ್ಯೂ ಎಷ್ಟು ಉದ್ದ ಅಂತ ಅಪ್ಪ ವಾಕಿಂಗ್‌ನಲ್ಲಿ ಪಕ್ಕದವರಿಗೆ ವಿವರಿಸ್ತಾರೆ. ಆದರೆ ಎಆರ್-11 ಅಂದರೆ? ಅಲ್ಲೇ ಕೂತು ಕೆಲಸ ಮಾಡ್ತಿರೋ ಮಗನಿಗೇ ಎಷ್ಟೋ ಸಲ ಗೊತ್ತಿರಲ್ಲ.

ವಿಷಯ ಇಷ್ಟೇ. ಅಮೆರಿಕದ ಪ್ರಜೆಯಲ್ಲದವರು ಅಲ್ಲಿ ಮನೆ ಬದಲಾಯಿಸಿದರೆ 10 ದಿನದೊಳಗೆ ಹೊಸ ವಿಳಾಸವನ್ನು ವಲಸೆ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ, ತಿಳಿಸಬೇಕು. ರಾಜತಾಂತ್ರಿಕರಂಥ ಕೆಲವರನ್ನು ಬಿಟ್ಟರೆ ಎಲ್ಲರಿಗೂ ಇದು ಅನ್ವಯ. ಗ್ರೀನ್ ಕಾರ್ಡ್ ಬಂತಲ್ಲ, ಇನ್ನೇನು ಚಿಂತೆ ಅನ್ನುವವರಿಗೂ ಅನ್ವಯ. ಗಂಡನ ವೀಸಾ ಮೇಲೆ ಹೋದ ಹೆಂಡತಿ ಬೇರೆ ಫಾರ್ಮ್ ತುಂಬಬೇಕು, ಮಕ್ಕಳ ಹೆಸರಲ್ಲಿ ಬೇರೆ. ಸೊಸೆಯ ಬಾಣಂತನಕ್ಕೆ ಅಂತ ಆರು ತಿಂಗಳಿಗೆ ಹೋದ ಅಮ್ಮ ಇದ್ದಾರೆ, ಅಷ್ಟರಲ್ಲಿ ಮಗ ಮನೆ ಶಿಫ್ಟ್ ಮಾಡಿದ ಅಂತಿಟ್ಟುಕೊಳ್ಳಿ. ಆ ಅಮ್ಮನ ಹೆಸರಲ್ಲೂ ಒಂದು ಹೋಗಬೇಕು.

ಶುಲ್ಕ ಇಲ್ಲ. ಏಜೆಂಟ್ ಬೇಡ. ಆನ್‌ಲೈನ್‌ನಲ್ಲಿ ಕೆಲವೇ ನಿಮಿಷದ ಕೆಲಸ. ಹಾಗಿದ್ದ ಮೇಲೆ ಜನ ಯಾಕೆ ಬಿಡ್ತಾರೆ? ಇಷ್ಟು ಸುಲಭ ಇರೋದಕ್ಕೇ ಬಿಡ್ತಾರೆ. ಸಾವಿರಾರು ಡಾಲರ್ ಫೀಸು, ವಕೀಲರು, ಇಂಟರ್‌ವ್ಯೂ ಇರುವ ಅರ್ಜಿಯನ್ನು ಯಾರೂ ಮರೆಯಲ್ಲ. ಪುಕ್ಕಟೆ ಫಾರ್ಮ್ ಮರೆತುಹೋಗುತ್ತೆ.

ಇನ್ನೊಂದು ಕಾರಣವೂ ಇದೆ. ಎಚ್-1ಬಿ ಅಂದರೆ ಎಲ್ಲವನ್ನೂ ಕಂಪನಿ ನೋಡಿಕೊಳ್ಳುತ್ತೆ ಅನ್ನೋ ನಂಬಿಕೆ. ಅರ್ಜಿ ಹಾಕಿದ್ದು ಕಂಪನಿ, ವಕೀಲರನ್ನು ಇಟ್ಟಿದ್ದು ಕಂಪನಿ. ಸರಿ. ಆದರೆ ಕಾನೂನು ಇಲ್ಲಿ ಎರಡು ವಿಳಾಸಗಳನ್ನು ಬೇರೆ ಮಾಡುತ್ತೆ. ಕೆಲಸದ ಜಾಗ ಬೇರೆ ಮಹಾನಗರ ವಲಯಕ್ಕೆ ಬದಲಾದರೆ, ಸಾಮಾನ್ಯವಾಗಿ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. 2015ರಿಂದ ಈ ನಿಯಮ ಸ್ಪಷ್ಟವಾಗಿದೆ. ಮಲಗೋ ಜಾಗ ಬದಲಾದರೆ ತಿಳಿಸಬೇಕಾದದ್ದು ನೀವು. ಎಚ್‌ಆರ್‌ಗೆ ಮೇಲ್ ಹಾಕಿದೆ, ಬ್ಯಾಂಕಿಗೆ ಹೇಳಿದೆ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಬದಲಾಯಿಸಿದೆ. ಎಲ್ಲ ಒಳ್ಳೆಯದೇ, ಆದರೆ ಇದಕ್ಕೆ ಲೆಕ್ಕವಿಲ್ಲ. ವಿದ್ಯಾರ್ಥಿಗಳಿಗೆ ಮಾತ್ರ ದಾರಿ ಸ್ವಲ್ಪ ಬೇರೆ. ಅವರು 10 ದಿನದೊಳಗೆ ತಮ್ಮ ಯೂನಿವರ್ಸಿಟಿಯ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ತಿಳಿಸಿದರೆ, ಅವರು ಅದನ್ನು ಸೆವಿಸ್ ಎಂಬ ಸರ್ಕಾರಿ ದಾಖಲೆಗೆ ಸೇರಿಸ್ತಾರೆ.

ತಿಳಿಸದಿದ್ದರೆ ಏನಾಗುತ್ತೆ? ಪುಸ್ತಕದಲ್ಲಿರೋದನ್ನು ಮೊದಲು ಹೇಳ್ತೀನಿ. ಇದು ಕ್ರಿಮಿನಲ್ ಅಪರಾಧ. 30 ದಿನದವರೆಗೆ ಜೈಲು, ದಂಡ 5,000 ಡಾಲರ್‌ವರೆಗೂ ಹೋಗಬಹುದು. ಅದಕ್ಕಿಂತ ಗಂಭೀರವಾದ ಸಾಲು ಅದರ ಕೆಳಗಿದೆ. ಉದ್ದೇಶಪೂರ್ವಕವಾಗಿ ಮಾಡಿಲ್ಲ, ಅಥವಾ ಒಪ್ಪುವಂಥ ಕಾರಣ ಇತ್ತು ಅಂತ ತೋರಿಸದಿದ್ದರೆ ದೇಶದಿಂದ ಹೊರಗೆ ಕಳಿಸಬಹುದು.

ಇನ್ನು ಪುಸ್ತಕದ ಆಚೆ ಆಗೋದು. ಇದೇ ಹೆಚ್ಚು ಜನರಿಗೆ ತಟ್ಟೋದು. ವಲಸೆ ಇಲಾಖೆಯ ಪತ್ರ ಅವರ ದಾಖಲೆಯಲ್ಲಿರುವ ವಿಳಾಸಕ್ಕೆ ಹೋಗುತ್ತೆ. ಅಂಚೆ ಕಚೇರಿಯಲ್ಲಿ ಫಾರ್ವರ್ಡ್ ಮಾಡಿಸಿದ್ದೇನಲ್ಲ ಅಂತ ನೆಮ್ಮದಿಯಾಗಿರಬೇಡಿ, ಅದನ್ನು ನಂಬಿ ಕೂರೋ ಹಾಗಿಲ್ಲ. ನಿಮ್ಮ ಅರ್ಜಿಗೆ ಇನ್ನೊಂದು ದಾಖಲೆ ಬೇಕು, ಇಂಥ ದಿನದೊಳಗೆ ಕಳಿಸಿ ಅಂತ ಪತ್ರ ಬಂದಿರುತ್ತೆ. ಅದು ಹಳೇ ಮನೆಯ ಬಾಗಿಲಿಗೆ ಹೋಗಿ ವಾಪಸ್ಸಾಗುತ್ತೆ. ಗಡುವು ಮುಗಿಯುತ್ತೆ, ಅರ್ಜಿ ತಿರಸ್ಕಾರ ಆಗುತ್ತೆ. ವಲಸೆ ಕೋರ್ಟಿನ ನೋಟಿಸ್ ಆದರಂತೂ ಇನ್ನೂ ಕಷ್ಟ. ನೀವು ಹಾಜರಾಗದಿದ್ದರೆ, ನಿಮ್ಮ ಗೈರುಹಾಜರಿಯಲ್ಲೇ ಗಡೀಪಾರಿನ ಆದೇಶ ಆಗಬಹುದು.

ಈ ಕಾನೂನು ನಿನ್ನೆ ಮೊನ್ನೆಯದಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಅಮೆರಿಕ ತನ್ನ ನೆಲದಲ್ಲಿರುವ ಪರದೇಶಿಗಳೆಲ್ಲ ನೋಂದಣಿ ಮಾಡಿಸಬೇಕು, ಬೆರಳಚ್ಚು ಕೊಡಬೇಕು ಅಂತ ಕಾನೂನು ತಂತು. ಯುದ್ಧ ಮುಗಿಯಿತು, ಕಾನೂನು ಉಳಿಯಿತು. ಆಮೇಲೆ ವರ್ಷಗಟ್ಟಲೆ ವಿಳಾಸದ ನಿಯಮವನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ಆಯ್ತು. 2002ರ ಜುಲೈನಲ್ಲಿ, ಇನ್ನು ಮುಂದೆ 10 ದಿನದ ನಿಯಮ ಕಟ್ಟುನಿಟ್ಟು ಅಂತ ಅಲ್ಲಿನ ನ್ಯಾಯ ಇಲಾಖೆ ಘೋಷಿಸಿತು. ಹೆದರಿದ ಜನ ರಾಶಿ ರಾಶಿ ಫಾರ್ಮ್ ಕಳಿಸಿದರು.

ಆಮೇಲೆ ಮತ್ತೆ ಸದ್ದಡಗಿತು. 2025ರ ಏಪ್ರಿಲ್ 11ರಿಂದ ಅದೇ ಹಳೇ ನೋಂದಣಿ ಕಾನೂನಿಗೆ ಮತ್ತೆ ಜೀವ ಬಂದಿದೆ. ಐ-94 ಇರುವವರನ್ನು, ಗ್ರೀನ್ ಕಾರ್ಡ್ ಇರುವವರನ್ನು ಈಗಾಗಲೇ ನೋಂದಣಿ ಆದವರು ಅಂತಲೇ ಪರಿಗಣಿಸ್ತಾರೆ. ಆದ್ದರಿಂದ ನಮ್ಮ ಟೆಕ್ಕಿಗಳು ಗಾಬರಿ ಬೀಳಬೇಕಿಲ್ಲ. ಆದರೆ 18 ದಾಟಿದವರು ನೋಂದಣಿಯ ಪುರಾವೆ ಸದಾ ಜತೆಗೆ ಇಟ್ಟುಕೊಳ್ಳಬೇಕು. ಅಲ್ಲಿರುವಾಗ 14 ತುಂಬಿದ ಮಕ್ಕಳು 30 ದಿನದೊಳಗೆ ಮತ್ತೆ ನೋಂದಣಿ ಮಾಡಿಸಬೇಕು. ಹುಟ್ಟುಹಬ್ಬಕ್ಕೆ ಕೇಕ್ ತರುವ ಅಪ್ಪ-ಅಮ್ಮ ಈ ದಿನಾಂಕವನ್ನೂ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ನಾನು ಹೇಳೋಕೆ ಹೊರಟಿರೋದು ಇದನ್ನೇ. ಇಂಥ ನಿಯಮಗಳು ಸತ್ತಿರಲ್ಲ, ಮಲಗಿರುತ್ತವೆ. ಸರ್ಕಾರಕ್ಕೆ ಬೇಕು ಅನ್ನಿಸಿದ ದಿನ ಎಬ್ಬಿಸುತ್ತೆ. ಅವತ್ತು ಹೊಸ ಕಾನೂನು ತರಬೇಕಾಗಿಲ್ಲ, ಚರ್ಚೆ ಬೇಕಾಗಿಲ್ಲ. ನೀವು ಐದು ವರ್ಷದ ಹಿಂದೆ ತುಂಬದ ಫಾರ್ಮ್ ಸಾಕು. ಇದು ನ್ಯಾಯವಾ? ವರ್ಷಗಟ್ಟಲೆ ಕೇಳದೆ ಬಿಟ್ಟು ಒಂದು ದಿನ ದಿಢೀರನೆ ಕೇಳೋದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಏರ್‌ಪೋರ್ಟಿನ ಕೌಂಟರ್‌ನಲ್ಲಿ ನಿಂತವನಿಗೆ ನನ್ನ ಅಭಿಪ್ರಾಯ ಉಪಯೋಗಕ್ಕೆ ಬರಲ್ಲ. ರಸೀದಿ ಬರುತ್ತೆ.

ಅಮೆರಿಕವನ್ನು ಬೈಯುವ ಮೊದಲು ನಮ್ಮನ್ನೂ ನೋಡಿಕೊಳ್ಳೋಣ. ಬೆಂಗಳೂರಿಗೆ ಓದಲು, ಕೆಲಸಕ್ಕೆ ಬರುವ ವಿದೇಶಿಯರಿಗೂ ಇಂಥದ್ದೇ ನಿಯಮ ಇದೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ಸಾಮಾನ್ಯವಾಗಿ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಆಗಬೇಕು. ಅವರು ಉಳಿದುಕೊಳ್ಳುವ ಜಾಗದ ಮಾಲೀಕರು 24 ಗಂಟೆಯೊಳಗೆ ಮಾಹಿತಿ ಕೊಡಬೇಕು. ಫಾರ್ಮ್ ಸಿ ಅಂತ ವರ್ಷಗಳಿಂದ ಕರೀತಾ ಬಂದಿರೋದು ಇದನ್ನೇ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸ ಕಾಯ್ದೆ ಬಂದಿದೆ, ಮಾಹಿತಿ ಕೊಡುವ ಹೊಣೆ ಹಾಗೇ ಇದೆ.

ಆಫ್ರಿಕಾದಿಂದ ಬಂದ ಹುಡುಗನಿಗೆ ಮನೆ ಬಾಡಿಗೆಗೆ ಕೊಟ್ಟು, ಅಡ್ವಾನ್ಸ್ ಎಣಿಸಿಕೊಂಡು, ಅಗ್ರಿಮೆಂಟ್ ಮಾತ್ರ ಬೇಡಪ್ಪ ಅನ್ನುವ ಓನರ್‌ಗಳು ನಮ್ಮಲ್ಲಿ ಇಲ್ಲವಾ? ಅಗ್ರಿಮೆಂಟ್ ಇಲ್ಲದೆ ಆ ಹುಡುಗ ವಿಳಾಸಕ್ಕೆ ಯಾವ ಪುರಾವೆ ತೋರಿಸಬೇಕು? ನಾಳೆ ಪೊಲೀಸರು ಬಂದರೆ ಪ್ರಶ್ನೆ ಕೇಳೋದು ಅವನನ್ನು. ನಮ್ಮ ಮಕ್ಕಳು ಡಾಲಸ್‌ನಲ್ಲಿ, ಸಿಯಾಟಲ್‌ನಲ್ಲಿ ಬಾಡಿಗೆ ಮನೆ ಹುಡುಕುವಾಗ ಎಂಥ ಓನರ್ ಸಿಗಲಿ ಅಂತ ಬಯಸ್ತೀವೋ, ಇಲ್ಲಿ ನಾವು ಅಂಥ ಓನರ್ ಆಗೋಣ.

ಈಗ ಕೆಲಸದ ಮಾತು. ಹೊರಗಿರುವವರು ಇವತ್ತೇ ನಾಲ್ಕು ವಿಷಯ ನೋಡಿ. ಒಂದು, ಎಆರ್-11 ಹಾಕಿದ್ದೀರಾ, ಮನೆಯ ಪ್ರತಿಯೊಬ್ಬರ ಹೆಸರಲ್ಲೂ ಹಾಕಿದ್ದೀರಾ? ಎರಡು, ಬಾಕಿ ಇರುವ ಅರ್ಜಿಗಳಲ್ಲೂ ವಿಳಾಸ ಬದಲಾಗಿದೆಯಾ? ಮೂರು, ಐ-94 ತೆಗೆದು ಕೊನೇ ದಿನಾಂಕ ಓದಿ. ಪಾಸ್‌ಪೋರ್ಟಿನ ವೀಸಾ ಮುದ್ರೆ ಒಳಗೆ ಹೋಗೋಕೆ, ಎಷ್ಟು ದಿನ ಇರಬಹುದು ಅಂತ ಹೇಳೋದು ಐ-94. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಐ-94ರ ದಿನಾಂಕವನ್ನೂ ಅಲ್ಲಿಗೇ ಮೊಟಕುಗೊಳಿಸಿರಬಹುದು. ನಾಲ್ಕು, ಸಲ್ಲಿಸಿದ ಮೇಲೆ ಬರುವ ದೃಢೀಕರಣವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಒಂದು ಪ್ರಿಂಟೂ ಇರಲಿ. 10 ದಿನ ಮೀರಿಹೋಗಿದ್ದರೆ? ಆದರೂ ಹಾಕಿ. ತಡವಾಗಿ ತಿಳಿಸಿದವರಿಗೂ ತಿಳಿಸದೇ ಇದ್ದವರಿಗೂ ವ್ಯತ್ಯಾಸ ಇದೆ. ಬೇರೆ ತೊಡಕೂ ಇದ್ದರೆ ವಲಸೆ ವಕೀಲರನ್ನು ಕೇಳಿ, ವಾಟ್ಸ್‌ಆ್ಯಪ್ ಗ್ರೂಪನ್ನಲ್ಲ.

ಇನ್ನು ಇಲ್ಲಿ ಕೂತು ನೋಡ್ತಿರೋ ಅಪ್ಪ-ಅಮ್ಮಂದಿರಿಗೆ. ರಾತ್ರಿ ವಿಡಿಯೊ ಕಾಲ್‌ನಲ್ಲಿ ಊಟ ಆಯ್ತಾ, ಚಳಿ ಇದೆಯಾ ಅಂತ ಕೇಳೇ ಕೇಳ್ತೀರಿ. ಅದರ ಜತೆ ಇದನ್ನೂ ಕೇಳಿ: ಹೊಸ ಮನೆ ವಿಳಾಸ ಕೊಟ್ಟಿದ್ದೀಯೇನಪ್ಪಾ? ಯಾರಿಗೆ ಅಂತ ಮಗ ವಾಪಸ್ ಕೇಳಿದರೆ ಫೋನ್ ಇಡಬೇಡಿ. ಫಾರ್ಮಿನ ಹೆಸರು ಹೇಳಿ.