ಸಂಪಾದಕರ ತರುವಾಯ ಪತ್ರಿಕೆ
(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಪತ್ರಿಕೆಯೊಂದನ್ನು ಹುಟ್ಟಿಸುವುದು ಕಷ್ಟದ ಕಾರ್ಯವು. ಅದನ್ನು ಬಹುಕಾಲ ನಡೆಯಿಸುವುದು ಅದಕ್ಕಿಂತಲೂ ಕಷ್ಟವು. ಆದರೆ ನಡೆಯಿಸಿದವರು ಕಣ್ಮರೆಯಾಗಿ, ಸಂಚಿಕೆ ನಿಂತು, ಚಂದಾದಾರರ ಪಟ್ಟಿಯು ಕಪಾಟಿನಲ್ಲಿ ಧೂಳು ಹಿಡಿದ ಮೇಲೆ ಅದನ್ನು ಮರಳಿ ಎಬ್ಬಿಸುವುದು ಇವೆರಡಕ್ಕಿಂತಲೂ ಕಠಿನತರವಾದುದು. ಹೊಸ ಪತ್ರಿಕೆಗೆ ಜನರ ಕುತೂಹಲವೇ ಬೆಂಬಲವಾಗಿ ನಿಲ್ಲುತ್ತದೆ. ನಿಂತ ಪತ್ರಿಕೆಗಾದರೋ ಜನರ ಮರೆವೇ ಇದಿರಾಗಿ ನಿಲ್ಲುತ್ತದೆ. ಮಠಗಳಿಂದಲೂ ಸಂಘಗಳಿಂದಲೂ ಹೊರಡುವ ಸಣ್ಣ ಪತ್ರಿಕೆಗಳು ಬಹುಮಟ್ಟಿಗೆ ಒಬ್ಬರ ಹೆಗಲ ಮೇಲೆಯೇ ನಡೆಯುವಂಥವಾದುದರಿಂದ, ಈ ವಿಷಯವನ್ನು ಒಂದು ನಿಜವಾದ ನಿದರ್ಶನದ ಮೂಲಕ ವಿಚಾರಿಸುವುದು ಉಪಯುಕ್ತವಾದೀತು.

‘ಪ್ರಬುದ್ಧ ಭಾರತ’ವೆಂಬ ಇಂಗ್ಲಿಷ್ ಮಾಸಪತ್ರಿಕೆಯು 1896ನೆಯ ಇಸವಿ ಜುಲೈ ತಿಂಗಳಲ್ಲಿ ಮದರಾಸಿನಲ್ಲಿ ಪ್ರಾರಂಭವಾಯಿತು. ಸ್ವಾಮಿ ವಿವೇಕಾನಂದರ ಅನುಯಾಯಿಗಳು ಅದನ್ನು ಹೊರಡಿಸಿದರು, ಬಿ. ಆರ್. ರಾಜಮ್ ಅಯ್ಯರ್ ಎಂಬ ತರುಣರು ಸಂಪಾದಕರಾದರು. ತಮಿಳಿನ ಮೊದಮೊದಲ ಕಾದಂಬರಿಗಳಲ್ಲಿ ಒಂದಾದ ‘ಕಮಲಾಂಬಾಳ್ ಚರಿತ್ರಂ’ ಬರೆದವರು ಇವರೇ. ಗಹನವಾದ ವೇದಾಂತವನ್ನು ಕಥೆಗಳ ಮೂಲಕ ತಿಳಿಯಹೇಳುವ ಶಕ್ತಿಯು ಅವರಲ್ಲಿದ್ದಿತು. ಪತ್ರಿಕೆಯ ಬಹುಭಾಗವನ್ನು ಅವರೇ ನಾನಾ ಗುಪ್ತನಾಮಗಳಿಂದ ಬರೆದು ತುಂಬುತ್ತಿದ್ದರು. ಓದುವವರಿಗೆ ಹಲವರು ಬರೆದಂತೆ ತೋರುತ್ತಿದ್ದುದು ವಾಸ್ತವದಲ್ಲಿ ಒಂದೇ ಲೇಖನಿಯ ಫಲವಾಗಿದ್ದಿತು.

ಈ ಗುಣದಲ್ಲಿಯೇ ಅಪಾಯವೂ ಅಡಗಿದ್ದಿತು. 1898ನೆಯ ಮೇ 13ರಂದು ರಾಜಮ್ ಅಯ್ಯರ್ ಅವರು ತಮ್ಮ 26ನೆಯ ವಯಸ್ಸಿನಲ್ಲಿಯೇ ಕಾಲವಶರಾದರು. ಆ ದಿನ ಸಂಪಾದಕರೊಬ್ಬರು ಮಾತ್ರ ಹೋದುದಲ್ಲ. ಹಲವು ಹೆಸರುಗಳ ಲೇಖಕಮಂಡಲಿಯೆಲ್ಲವೂ ಒಮ್ಮೆಗೇ ಹೋಯಿತು. ಜೂನ್ ಸಂಚಿಕೆಯೊಡನೆ ಪತ್ರಿಕೆಯು ನಿಂತಿತು. ಪತ್ರಿಕೆಗೆ ಹೆಸರಿದ್ದಿತು, ಓದುಗರಿದ್ದರು, ಗೌರವವೂ ಇದ್ದಿತು. ಇಲ್ಲದುದು ಎರಡನೆಯ ಕೈ ಒಂದೇ.

ಆ ಸಮಯಕ್ಕೆ ವಿವೇಕಾನಂದರು ಹಿಮಾಲಯದ ಆಲ್ಮೋರಾದಲ್ಲಿದ್ದರು. ಅವರ ಉಪನ್ಯಾಸಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಗುಡ್ವಿನ್ನರು ಉದಕಮಂಡಲದಲ್ಲಿ ಜೂನ್ 2ರಂದು ತೀರಿಕೊಂಡ ವಾರ್ತೆಯೂ ಆ ದಿನಗಳಲ್ಲಿಯೇ ಬಂದಿತು. ದುಃಖದ ಮೇಲೆ ದುಃಖವೊದಗಿದರೂ ಪತ್ರಿಕೆಯನ್ನು ಬಿಡಲಾಗದೆಂದು ಸ್ವಾಮಿಗಳು ನಿಶ್ಚಯಿಸಿದರು. ಅವರು ಮಾಡಿದ ಏರ್ಪಾಡನ್ನು ಗಮನಿಸಬೇಕು. ರಾಜಮ್ ಅಯ್ಯರ್ ಅವರಂತೆ ಬರೆಯಬಲ್ಲ ಮತ್ತೊಬ್ಬರನ್ನು ಅವರು ಹುಡುಕುತ್ತ ಕೂಡಲಿಲ್ಲ. ಕೆಲವೇ ತಿಂಗಳುಗಳ ಹಿಂದೆ ಸಂನ್ಯಾಸ ಸ್ವೀಕರಿಸಿದ್ದ ಸ್ವರೂಪಾನಂದರಿಗೆ ಸಂಪಾದಕತ್ವವನ್ನು ವಹಿಸಿದರು. ವ್ಯವಸ್ಥೆಯ ಭಾರವನ್ನು ಇಂಗ್ಲಿಷ್ ಶಿಷ್ಯರಾದ ಸೇವಿಯರ್ ದಂಪತಿಗಳು ಹೊತ್ತರು. ಕೈಯಚ್ಚಿನ ಯಂತ್ರ, ಅಚ್ಚುಮೊಳೆ, ಕಾಗದ, ಮಸಿಗಳು ಕಲಕತ್ತೆಯಿಂದ ಬಂದವು. ಬಾಡಿಗೆಯ ಮನೆಯೊಂದರಲ್ಲಿ ಕಾರ್ಯವು ಮೊದಲಾಗಿ, 1898ನೆಯ ಆಗಸ್ಟ್ ತಿಂಗಳಲ್ಲಿ ಪತ್ರಿಕೆಯು ಮರಳಿ ಬೆಳಕು ಕಂಡಿತು. ತಪ್ಪಿದುದು ಜುಲೈ ತಿಂಗಳ ಸಂಚಿಕೆಯೊಂದೇ! ಲೇಖನಿಯೊಂದು, ಲೆಕ್ಕಪತ್ರವೊಂದು, ಅಚ್ಚುಕೂಟವೊಂದು, ಹೀಗೆ ಭಾರವು ಹಂಚಿಹೋದುದೇ ಈ ಪುನರುಜ್ಜೀವನದ ಮರ್ಮವು.

1899ನೆಯ ಮಾರ್ಚ್ ತಿಂಗಳಲ್ಲಿ ಪತ್ರಿಕೆಯು ಮಾಯಾವತಿಗೆ ಸಾಗಿತು. ಇಂದಿನ ಉತ್ತರಾಖಂಡಕ್ಕೆ ಸೇರಿದ ಆ ಸ್ಥಳವು ಮೊದಲು ಚಹದ ತೋಟವಾಗಿದ್ದಿತು. ಅಲ್ಲಿ ಅದ್ವೈತಾಶ್ರಮವು ಸ್ಥಾಪಿತವಾಯಿತು. ರೈಲಿಲ್ಲದ ದೂರದ ಬೆಟ್ಟದಿಂದ ತಿಂಗಳು ತಿಂಗಳೂ ಸಂಚಿಕೆಗಳು ಹೊರಡತಕ್ಕುದಾಯಿತು. ಪರೀಕ್ಷೆಗಳು ಅಲ್ಲಿಗೆ ಮುಗಿಯಲಿಲ್ಲ. 1900ನೆಯ ಅಕ್ಟೋಬರದಲ್ಲಿ ಸೇವಿಯರ್ ಅವರು ಮಾಯಾವತಿಯಲ್ಲಿಯೇ ಮರಣಹೊಂದಿದರು, ಪತ್ರಿಕೆ ನಿಲ್ಲಲಿಲ್ಲ. 1902ನೆಯ ಜುಲೈ 4ರಂದು ವಿವೇಕಾನಂದರೇ ದೇಹವನ್ನು ಬಿಟ್ಟರು, ಪತ್ರಿಕೆ ನಿಲ್ಲಲಿಲ್ಲ. 1906ನೆಯ ಜೂನ್ 27ರಂದು ಸ್ವರೂಪಾನಂದರೂ ನೈನಿತಾಲದಲ್ಲಿ ತೀರಿಕೊಂಡರು. ವಿರಜಾನಂದರು ಆ ಸ್ಥಾನಕ್ಕೆ ಬಂದರು, ಪತ್ರಿಕೆ ಮುಂದೆ ನಡೆಯಿತು. ಮೊದಲನೆಯ ಸಂಪಾದಕರ ಮರಣದಿಂದ ನಿಂತ ಪತ್ರಿಕೆಯು ಎರಡನೆಯವರ ಮರಣದಿಂದ ನಿಲ್ಲದೆಹೋದುದಕ್ಕೆ ಎರಡನೆಯವರು ಮೊದಲಿನವರಿಗಿಂತ ದೊಡ್ಡ ಲೇಖಕರೆಂಬುದು ಕಾರಣವಲ್ಲ. ಈ ನಡುವೆ ಪತ್ರಿಕೆಗೆ ಒಂದು ಮನೆಯಾಗಿದ್ದಿತು. 1996ರಲ್ಲಿ ನೂರು ವರ್ಷ ತುಂಬಿದ ಆ ಪತ್ರಿಕೆಯು ಇಂದಿಗೂ ಹೊರಡುತ್ತಿದೆ.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನವು ಕನ್ನಡನಾಡಿಗೂ ಸಂಬಂಧಿಸಿದುದು. 1865ರಲ್ಲಿ ಚಿಕ್ಕಮಗಳೂರಿನಲ್ಲಿ ಜನಿಸಿ ಮದರಾಸಿನಲ್ಲಿ ಉಪಾಧ್ಯಾಯರಾಗಿದ್ದ ಅಳಸಿಂಗ ಪೆರುಮಾಳರು, ವಿವೇಕಾನಂದರ ಅಮೆರಿಕಾ ಪ್ರಯಾಣಕ್ಕಾಗಿ ಮನೆಮನೆಗೆ ಹೋಗಿ ಹಣ ಕೂಡಿಸಿದವರು. 1895ರಲ್ಲಿ ಮೊದಲಾದ ‘ಬ್ರಹ್ಮವಾದಿನ್’ ಪತ್ರಿಕೆಗೆ ಅವರೇ ಮುಖ್ಯಾಧಾರವಾಗಿದ್ದರು. ಉಪಾಧ್ಯಾಯ ವೃತ್ತಿ, ಸಂಸಾರ, ಪತ್ರಿಕೆ, ಈ ಮೂರನ್ನೂ ಹೊತ್ತು 1909ನೆಯ ಮೇ 11ರಂದು ಅವರು ಅಗಲಿದರು. ಆಮೇಲೆ ಪತ್ರಿಕೆಯು ಕೆಲವು ವರ್ಷ ಹೇಗೋ ನಡೆದು 1914ರಲ್ಲಿ ನಿಂತಿತು. ಅದೇ ವರ್ಷ ಮದರಾಸಿನ ರಾಮಕೃಷ್ಣ ಮಠವು ‘ವೇದಾಂತ ಕೇಸರಿ’ಯನ್ನು ಪ್ರಾರಂಭಿಸಿ ಆ ಕಾರ್ಯವನ್ನು ಕೈಗೆತ್ತಿಕೊಂಡಿತು. ಹೆಸರು ಉಳಿಯಲಿಲ್ಲ, ಕಾಯಕವು ಉಳಿಯಿತು. ಹೆಸರನ್ನು ಉಳಿಸಲಾರದ ಸಂದರ್ಭದಲ್ಲಿ ಇದೂ ಒಂದು ಗೌರವದ ಮಾರ್ಗವೇ ಸರಿ.

ದಿವಂಗತ ಸಂಪಾದಕರ ಶೈಲಿಯು ಯಾರಿಗೂ ಬಳುವಳಿಯಾಗಿ ಬರತಕ್ಕುದಲ್ಲ. ಅದನ್ನು ಅನುಕರಿಸಹೊರಟವರು ನಗೆಗೀಡಾಗುತ್ತಾರೆ. ಬಳುವಳಿಯಾಗಿ ಬರತಕ್ಕುದು ಅವರ ನಿಯಮವು: ಗೊತ್ತಾದ ದಿನ ಸಂಚಿಕೆಯು ಅಂಚೆಗೆ ಬೀಳಬೇಕು, ಚಂದಾ ಕೊಟ್ಟವರಿಗೆ ಲೆಕ್ಕ ಒಪ್ಪಬೇಕು, ಕರಡಚ್ಚು ತಿದ್ದದೆ ಪುಟವು ಹೊರಬೀಳಬಾರದು. ಆದುದರಿಂದ ಪತ್ರಿಕೆಯುಳ್ಳ ಸಂಸ್ಥೆಗಳವರು ಸಂಪಾದಕರು ಬದುಕಿರುವಾಗಲೇ ಅವರ ಪಕ್ಕದಲ್ಲಿ ಒಬ್ಬ ತರುಣನನ್ನು ಕುಳ್ಳಿರಿಸಲಿ. ಚಂದಾದಾರರ ಪಟ್ಟಿಯನ್ನೂ ಹಳೆಯ ಸಂಪುಟಗಳನ್ನೂ ಸಂಸ್ಥೆಯಲ್ಲಿಯೇ ಕಾಪಾಡಲಿ. ಸಂಪಾದಕರು ಈಗಾಗಲೇ ಅಗಲಿದ್ದರೆ, ಸ್ಮಾರಕದ ಶಿಲೆಗೆ ಹಣ ಕೂಡಿಸುವ ಮೊದಲು ಮುಂದಿನ ತಿಂಗಳ ಸಂಚಿಕೆಗೆ ಕಾಗದವನ್ನು ಕೊಳ್ಳಲಿ. ಪುಟಗಳು ಕಡಿಮೆಯಾದರೂ ಚಿಂತೆಯಿಲ್ಲ, ತಿಂಗಳು ತಪ್ಪಬಾರದು.