ಒಂದು ಕಿಲೋಮೀಟರ್: ವಿರಳ ಊರುಗಳ ಸರ್ಕಾರಿ ಶಾಲೆ



ನಮ್ಮ ತುಮಕೂರು ಜಿಲ್ಲೆಯಲ್ಲಿ ‘ದೂರದ ಶಾಲೆ’ ಎಂದ ಕೂಡಲೇ ಎಲ್ಲರ ಬೆರಳು ಉತ್ತರಕ್ಕೇ ಹೋಗುತ್ತದೆ. ಪಾವಗಡ! ತುಮಕೂರಿನಿಂದ ಮಧುಗಿರಿ ದಾಟಿ ಸುಮಾರು ನೂರು ಕಿಲೋಮೀಟರ್, ಸುತ್ತ ಆಂಧ್ರ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೊಳವೆಬಾವಿಯಲ್ಲಿ ಫ್ಲೋರೈಡ್. ಪಕ್ಕದ ಮಡಕಶಿರಾದಲ್ಲಿ ಇದರ ತಿರುವುಮುರುವು: ಆಂಧ್ರದ ನೆಲದಲ್ಲಿ ಕನ್ನಡದ ಮನೆಗಳು, ಕನ್ನಡ ಮಾಧ್ಯಮದ ಶಾಲೆಗಳು. ಶಿಕ್ಷಣ ಇಲಾಖೆ ಕೂಡ ಜಿಲ್ಲೆಯನ್ನು ಎರಡು ಮಾಡಿಕೊಂಡಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ. ಉಳಿದ ಆರು ತಾಲ್ಲೂಕು ತುಮಕೂರಿಗೆ. ಹಿಂದುಳಿದದ್ದೆಲ್ಲ ಆ ಕಡೆ, ನಾವು ಈ ಕಡೆ ಎಂದು ದಕ್ಷಿಣದವರಿಗೆ ಒಳಗೊಳಗೇ ಒಂದು ಸಮಾಧಾನ.

ಆ ಸಮಾಧಾನವನ್ನು ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲೇ ಕಿತ್ತುಹಾಕಿತು. ರಾಜ್ಯದ 39 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಅದು ಗುರುತಿಸಿತಲ್ಲ, ಅದರಲ್ಲಿ ಪಾವಗಡ, ಶಿರಾ, ಮಧುಗಿರಿಯ ಜೊತೆ ಗುಬ್ಬಿಯೂ ಇದೆ, ಕುಣಿಗಲ್ಲೂ ಇದೆ. ಗುಬ್ಬಿಗೆ ರೈಲು ಯಾವ ಕಾಲದಿಂದಲೋ ಇದೆ. ಕುಣಿಗಲ್ಲು ಬೆಂಗಳೂರು–ಹಾಸನ ಹೆದ್ದಾರಿಯ ಮೇಲೇ ಕೂತಿದೆ, ಕುದುರೆ ಫಾರಂಗೆ ಹೆಸರಾದ ಊರು. ಹಾಗಿದ್ದೂ ಆ ಪಟ್ಟಿ ಸೇರಿದವು. ಹೆದ್ದಾರಿಯಿಂದ ಒಳಗೆ ಹೊರಳಿ ಹಾಗಲವಾಡಿ ಹೋಬಳಿಯ ಹಟ್ಟಿಗಳಿಗೋ ಹುಲಿಯೂರುದುರ್ಗದ ಬೆಟ್ಟದ ಬುಡದ ಊರುಗಳಿಗೋ ಹೋದವರಿಗೆ ಕಾರಣ ಹೇಳಬೇಕಾಗಿಲ್ಲ. ಆರು ವರ್ಷದ ಮಗುವಿನ ಮಟ್ಟಿಗೆ ಬೆಂಗಳೂರು ಎಷ್ಟು ದೂರ ಎಂಬ ಲೆಕ್ಕವೇ ಇಲ್ಲ. ಶಾಲೆ ಎಷ್ಟು ದೂರ ಎಂಬುದೊಂದೇ ಲೆಕ್ಕ.

ಈ ಲೆಕ್ಕ ಹಳೆಯದು. 1868ರಲ್ಲಿ ಮೈಸೂರು ಸೀಮೆಯ ವಿದ್ಯಾ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ — ಶಾಸನಗಳ ರೈಸ್ ಅವರೇ — ಹೋಬಳಿಗೊಂದು ಶಾಲೆ ಎಂಬ ಯೋಜನೆ ತಂದರು. ಅಲ್ಲಿಯವರೆಗೆ ಊರವರೇ ಸಾಕಿಕೊಂಡ ಕೂಲಿಮಠಗಳು, ಮರಳ ಮೇಲೆ ಅಕ್ಷರ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಹೋಬಳಿಯಿಂದ ಊರಿಗೆ, ಊರಿಂದ ಹಟ್ಟಿಗೆ, ತಾಂಡಾಕ್ಕೆ, ಕಾಲೋನಿಗೆ ಶಾಲೆ ನಡೆದು ಬರಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದಾಗ ನಿಯಮಗಳಲ್ಲಿ ಆ ನಡಿಗೆಗೆ ಒಂದು ಅಳತೆ ಸಿಕ್ಕಿತು: ಐದನೇ ತರಗತಿವರೆಗೆ ಒಂದು ಕಿಲೋಮೀಟರಿನೊಳಗೆ, ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ.

ಈಗ ನಡಿಗೆ ಹಿಮ್ಮುಖವಾಗಿದೆ. ಮಕ್ಕಳು ಕಡಿಮೆ, ಶಾಲೆಗಳನ್ನು ಒಟ್ಟುಮಾಡೋಣ, ಒಂದೆಡೆ ಕರ್ನಾಟಕ ಪಬ್ಲಿಕ್ ಶಾಲೆ ಕಟ್ಟೋಣ, ಉಳಿದವರನ್ನು ಅಲ್ಲಿಗೆ ಕರೆತರೋಣ ಎನ್ನುವ ಮಾತು. ರೈಸ್ ಸಾಹೇಬರ ಹೋಬಳಿ ಶಾಲೆಗೇ ನಾವು ವಾಪಸ್ಸು ಹೊರಟಿದ್ದೇವೆ, ಕಟ್ಟಡ ಮಾತ್ರ ಚೆನ್ನಾಗಿದೆ!

ಮಕ್ಕಳು ಕಡಿಮೆ ಎನ್ನುವುದು ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಗುಬ್ಬಿ, ಕುಣಿಗಲ್ಲಿನ ವಯಸ್ಸಿನ ಹುಡುಗರು ನೆಲಮಂಗಲ, ಪೀಣ್ಯದಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ಊರಲ್ಲಿ ಅಜ್ಜಿ, ಹಸು, ಹತ್ತಿಪ್ಪತ್ತು ತೆಂಗಿನ ಗಿಡ. ಉಳಿದ ನಾಲ್ಕು ಮಕ್ಕಳಲ್ಲಿ ಇಬ್ಬರನ್ನು ಖಾಸಗಿ ಶಾಲೆಯ ಹಳದಿ ವ್ಯಾನು ಒಯ್ಯುತ್ತದೆ. ಆ ವ್ಯಾನನ್ನು ಬೈಯುವುದು ಸುಲಭ. ಅದು ಹಟ್ಟಿಯ ಬೇವಿನಮರದ ಕೆಳಗೇ ನಿಲ್ಲುತ್ತದೆ, ಮಗು ಒಂದು ಹೆಜ್ಜೆಯೂ ನಡೆಯಬೇಕಾಗಿಲ್ಲ. ಖಾಸಗಿ ಶಾಲೆ ಗೆದ್ದದ್ದು ಇಂಗ್ಲಿಷಿನಿಂದ ಎನ್ನುತ್ತಾರೆ. ಅರ್ಧದಷ್ಟಾದರೂ ಗೆದ್ದದ್ದು ವ್ಯಾನಿನಿಂದ ಎಂದು ನನ್ನ ಅಂದಾಜು. ಶಿಕ್ಷಣ ಹಕ್ಕಿನ ಶೇ. 25ರ ಸೀಟಿನ ಹೆಸರಲ್ಲಿ ಸರ್ಕಾರವೇ ಶುಲ್ಕ ಕಟ್ಟಿ ತನ್ನ ಶಾಲೆಯ ಮಕ್ಕಳನ್ನು ಆಚೆ ಕಳಿಸುತ್ತಿತ್ತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಈ ಸೀಟು ಇಲ್ಲ ಎಂದು 2019ರ ಹೊತ್ತಿಗೆ ನಿಯಮ ತಿದ್ದುವಷ್ಟರಲ್ಲಿ ಹಾಜರಿ ಪುಸ್ತಕ ತೆಳ್ಳಗಾಗಿತ್ತು.

ಇನ್ನು ಸಣ್ಣ ಶಾಲೆ ಎಂದರೆ ಕೆಟ್ಟ ಶಾಲೆ ಎಂಬ ಮಾತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹಾಗಲವಾಡಿ ಕಡೆಯ ಒಂದು ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆ. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಹಾಳೆಗಳು ಜೋತಾಡುತ್ತಿವೆ. ಗೋಡೆಯಲ್ಲಿ ಕಲಿಕಾ ಏಣಿ. ಬಂದವರು ಬಂದಹಾಗೆ ಏಣಿಯಲ್ಲಿ ತಮ್ಮ ಮೆಟ್ಟಿಲು ನೋಡಿಕೊಂಡು, ಚಿತ್ರದ ಗುರುತು ಹಿಡಿದು, ತಮ್ಮ ಕಾರ್ಡು ತೆಗೆದುಕೊಂಡು, ತಮ್ಮ ‘ತಟ್ಟೆ’ಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತಾರೆ. ಒಂದು ತಟ್ಟೆಗೆ ಮೇಡಂ ಬೇಕು, ಇನ್ನೊಂದಕ್ಕೆ ಅರ್ಧ ಬೇಕು, ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ತಾವೇ ಕಲಿಯುತ್ತಾರೆ. ಅಕ್ಷರ ಶುರುವಾಗುವುದು ಅ ಆ ಇ ಈ ಇಂದಲ್ಲ. ರ, ಗ, ಸ, ದ, ಅ. ಐದು ಅಕ್ಷರ ಬಂತೋ ಇಲ್ಲವೋ ‘ಸರ’, ‘ಅರಸ’, ‘ದಸರ’, ‘ಗರಗಸ’ ಓದಿಯೇ ಬಿಡುತ್ತಾರೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಒಂದನೇ ತರಗತಿಯ ತಮ್ಮನ ಬೆರಳು ಹಿಡಿದು ‘ಗ’ದ ಮೇಲೆ ಓಡಿಸುತ್ತಿದ್ದಳು. ಅವನು ತಪ್ಪಿದಾಗ ತಲೆಗೊಂದು ಮೊಟಕು. ಆ ಮೊಟಕು ಪಠ್ಯಕ್ರಮದಲ್ಲಿ ಇಲ್ಲ.

ಇದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಮೇಷ್ಟರುಗಳು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ ಪದ್ಧತಿ. 2009–10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಕೊಲಂಬಿಯಾದ ಗುಡ್ಡಗಾಡಿನಲ್ಲಿ 1970ರ ದಶಕದಲ್ಲೇ ‘ಎಸ್ಕುಯೆಲಾ ನುವೇವಾ’ ಎಂಬ ಹೆಸರಲ್ಲಿ ಇದೇ ಜಾತಿಯ ಶಾಲೆ ಹುಟ್ಟಿತ್ತು. ಹಲವು ತರಗತಿ, ಒಬ್ಬ ಶಿಕ್ಷಕಿ ಎಂಬುದನ್ನು ಕೊರತೆ ಎನ್ನದೆ ಪಾಠದ ಕ್ರಮವನ್ನೇ ಅದಕ್ಕೆ ಹೊಂದಿಸಿದ ಶಾಲೆ. ನಮ್ಮಲ್ಲಿ ಆ ವಿದ್ಯೆ ಇದೆ, ತರಬೇತಾದ ಮೇಷ್ಟರಿದ್ದಾರೆ, ಕಾರ್ಡುಗಳಿವೆ.

ಹಾಗಾದರೆ ಕೆಡುವುದೆಲ್ಲಿ? ಆ ಒಬ್ಬ ಶಿಕ್ಷಕರು ಶಾಲೆಯಲ್ಲಿ ಇಲ್ಲದ ದಿನ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎನ್ನುತ್ತದೆ. ಅಂದರೆ ಹನ್ನೊಂದು ಮಕ್ಕಳಿದ್ದರೂ ಇಬ್ಬರು. ಆಚರಣೆಯಲ್ಲಿ ದಾಖಲಾತಿ ಇಳಿದರೆ ಎರಡನೆಯವರು ‘ಹೆಚ್ಚುವರಿ’ ಆಗಿ ಬೇರೆಡೆಗೆ ಹೋಗುತ್ತಾರೆ. ಉಳಿದವರು ಏಕೋಪಾಧ್ಯಾಯರು. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿ.ಇ.ಒ.) ಕಚೇರಿ ಮೀಟಿಂಗಿಗೂ ಅವರೇ, ಮತಪಟ್ಟಿಗೂ ಅವರೇ, ಮಕ್ಕಳ ದಾಖಲೆಯ ಸ್ಯಾಟ್ಸ್ ಎಂಟ್ರಿಗೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದೂ ಅವರೇ, ಬಿಸಿಯೂಟದ ಮೊಟ್ಟೆ ಎಣಿಸುವುದೂ ಅವರೇ. ಅಡುಗೆಯವರ ಲೆಕ್ಕವೂ ತಲೆ ಎಣಿಸಿಯೇ: 25 ಮಕ್ಕಳವರೆಗೆ ಒಬ್ಬರು. ಮೇಡಂ ಮೀಟಿಂಗಿಗೆ ಹೋದ ದಿನ ಆ ಅಡುಗೆಯವಳೇ ಶಾಲೆ ಕಾಯುತ್ತಾಳೆ. ಮೂರು ತಿಂಗಳು ಹೀಗೆ ನಡೆದರೆ ತಾಯಿ ವ್ಯಾನಿನವನಿಗೆ ಫೋನ್ ಮಾಡದೆ ಏನು ಮಾಡಿಯಾಳು? ಮರುವರ್ಷ ದಾಖಲಾತಿ ಇನ್ನೂ ಇಳಿಯುತ್ತದೆ, ಅದನ್ನೇ ಪುರಾವೆ ಮಾಡಿ ಶಾಲೆ ಮುಚ್ಚುತ್ತಾರೆ. ಮಕ್ಕಳಿಲ್ಲದೆ ಶಿಕ್ಷಕರು ಹೋದರೋ, ಶಿಕ್ಷಕರಿಲ್ಲದೆ ಮಕ್ಕಳು ಹೋದರೋ ಎಂದು ಯಾವ ಕಡತವೂ ಕೇಳುವುದಿಲ್ಲ.

ನಾಲ್ಕೇ ಮಕ್ಕಳ ಶಾಲೆ ಮಕ್ಕಳಿಗೂ ಹಿತವಲ್ಲ, ಒಪ್ಪುತ್ತೇನೆ. ಕಬಡ್ಡಿಗೂ ಜನ ಸಾಲದು. ಅಂಥ ಕಡೆ ಸೇರಿಸುವುದೇ ಸರಿ ಇರಬಹುದು. ಆದರೆ ಒಂದು ಷರತ್ತು: ಮೊದಲು ವಾಹನ. ಫಿನ್ಲೆಂಡಿನ ಉತ್ತರದಲ್ಲಿ, ಹಿಮಸಾರಂಗಗಳಿಗಿಂತ ಜನ ಕಡಿಮೆ ಎನ್ನುವಂಥ ಸೀಮೆಯಲ್ಲಿ, 1990ರ ದಶಕದಿಂದ ಸಣ್ಣ ಶಾಲೆಗಳು ಮುಚ್ಚುತ್ತಲೇ ಬಂದಿವೆ. ಆದರೆ ಶಾಲೆ ಐದು ಕಿಲೋಮೀಟರಿಗಿಂತ ದೂರವಾದರೆ ಉಚಿತ ವಾಹನ ಆ ಮಗುವಿನ ಕಾನೂನುಬದ್ಧ ಹಕ್ಕು. ನಾರ್ವೆಯಲ್ಲಿ ಆ ಮಿತಿ ನಾಲ್ಕು ಕಿಲೋಮೀಟರ್, ಒಂದನೇ ತರಗತಿಗೆ ಎರಡು. ದಾರಿ ತೀರಾ ಅಪಾಯದ್ದಾದರೆ ದೂರದ ಲೆಕ್ಕವೇ ಇಲ್ಲ. ನಮ್ಮಲ್ಲಿ ಸಮಗ್ರ ಶಿಕ್ಷಣದಡಿ ಸಾರಿಗೆ ಮತ್ತು ಬೆಂಗಾವಲು ಭತ್ಯೆ ಇದೆ. ದುಡ್ಡು ಬಂದರೂ ಹಟ್ಟಿಗೆ ಬೆಳಿಗ್ಗೆ ಒಂಬತ್ತಕ್ಕೆ ಬರುವ ಆಟೊ ಎಲ್ಲಿದೆ? ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್ಲೂ ಕೋವಿಡ್ ಕಾಲದಲ್ಲಿ ನಿಂತಿತು.

ದೂರಕ್ಕೆ ಮಠ ಒಂದು ಉತ್ತರ ಕೊಟ್ಟಿತ್ತು. ಇಲ್ಲೇ ತುಮಕೂರಿನ ಕ್ಯಾತ್ಸಂದ್ರದಲ್ಲಿ ಶ್ರೀ ಶಿವಕುಮಾರ ಸ್ವಾಮೀಜಿ ದೂರದೂರದ ಬಡಮಕ್ಕಳನ್ನು ಕರೆದು ಅನ್ನ, ಅಕ್ಷರ, ಆಸರೆ ಕೊಟ್ಟರು. ಸುಮಾರು ಹತ್ತು ಸಾವಿರ ಮಕ್ಕಳು ಒಟ್ಟಿಗೆ ಉಂಡ ಪಂಕ್ತಿ ಅದು. ಅವರಿಲ್ಲದಿದ್ದರೆ ಈ ಸಭೆಯಲ್ಲೂ ಎಷ್ಟೋ ಜನ ಇರುತ್ತಿರಲಿಲ್ಲ. ಆದರೆ ಆರು ವರ್ಷದ ಮಗುವನ್ನು ತಾಯಿಯಿಂದ ಬಿಡಿಸಿ ಹಾಸ್ಟೆಲಿಗೆ ಹಾಕುವುದು ಸರ್ಕಾರದ ಉತ್ತರ ಆಗಬಾರದು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಇಬ್ಬರು ಶಿಕ್ಷಕರನ್ನು ದಾಖಲಾತಿಯ ಮೇಲಲ್ಲ, ಶಾಲೆಯ ಮೇಲೆ ಕೊಡಿ. ಒಬ್ಬರು ರಜೆ ಹಾಕಿದ ದಿನ ಹೋಗಿ ನಿಲ್ಲಲು ಕ್ಲಸ್ಟರಿಗೆ ಒಬ್ಬ ಹೆಚ್ಚಿನ ಶಿಕ್ಷಕರಿರಲಿ. ಯಾವ ಶಾಲೆಯನ್ನು ಸೇರಿಸುವ ಮೊದಲೂ ಆ ಊರಿನಿಂದ ಹೊಸ ಶಾಲೆಯವರೆಗೆ, ಮಳೆಗಾಲದಲ್ಲಿ, ಒಂದನೇ ತರಗತಿಯ ಮಗುವಿನ ಜೊತೆ ಬಿ.ಇ.ಒ. ಒಮ್ಮೆ ನಡೆದು ಬರಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್.ಡಿ.ಎಂ.ಸಿ.) ಅಧ್ಯಕ್ಷರೂ ಜೊತೆಗಿರಲಿ. ಹಳ್ಳ ಎಷ್ಟು, ಹೆದ್ದಾರಿ ದಾಟಬೇಕೇ, ನಾಯಿ ಎಲ್ಲಿ, ಹೆಣ್ಣುಮಕ್ಕಳು ಒಬ್ಬರೇ ನಡೆಯಲಾರದ ತೋಟದ ಸಾಲು ಎಲ್ಲಿ ಎಂದು ಬರೆದು ಅದನ್ನು ಕಡತಕ್ಕೆ ಹಾಕಲಿ. ವಾಹನ ಬಂದ ಮೇಲೆ ಹಳೆಯ ಶಾಲೆಗೆ ಬೀಗ. ಅದಕ್ಕೆ ಮೊದಲು ಬೇಡ.